ಅವ್ವನ ಸಿಗರೇಟು

ತೊಂಬತ್ತರ ದಶಕದ ಕೊನೆಯಲ್ಲಿ ಹುಣಸೂರಿನಲ್ಲಿ ನಾವು ಬಾಡಿಗೆಗಿದ್ದ ಮನೆಯ ಹಿಂದಿನ ಕೋಣೆಗೂ ಮಾಲೀಕರ ದೇವರಮನೆಗೂ ನಡುವೆ ಒಂದೇ ಗೋಡೆ. ಗೋಡೆಯ ಮೇಲ್ಗಡೆ ಗಾಳಿಗೆಂದು ಬಿಟ್ಟ ಕಿಂಡಿ. ಮನೆಯೊಡತಿ ಅಜ್ಜಿ ಅತ್ತ ಮಂಗಳಾರತಿ ಎತ್ತಿದರೆ ಕರ್ಪೂರದ ವಾಸನೆ ಇತ್ತ ಬರುತ್ತಿತ್ತು. ನನ್ನ ಅವ್ವ ಬಂದು ಆ ಕೋಣೆಯಲ್ಲಿ ಇರತೊಡಗುವ ತನಕ, ಇತ್ತಲಿಂದ ಅತ್ತ ಏನು ಹೋಗಬಹುದೆಂದು ನಾವು ಯೋಚಿಸಿರಲಿಲ್ಲ.

ಅವ್ವ ಸೇದುತ್ತಿದ್ದಳು. ಪಿರಿಯಾಪಟ್ಟಣದ ಕಡೆಯ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನುಗಳಲ್ಲಿ ಕೂಲಿ ಮಾಡಿ ನನ್ನನ್ನು ಓದಿಸಿದವಳು. ಸೊಪ್ಪು ಬೇಯುವಾಗ ರಾತ್ರಿಯೆಲ್ಲ ಒಲೆಗೆ ಸೌದೆ ಒಟ್ಟಬೇಕು, ನಿದ್ದೆ ತಡೆಯಲು ಬೀಡಿ ಕಲಿತಳು. ಊರಲ್ಲಿ ಅದನ್ನು ಯಾರೂ ದೊಡ್ಡದು ಮಾಡಿರಲಿಲ್ಲ. ಆದರೆ ನಾನು ಹುಣಸೂರಿಗೆ ಬಂದು ಟೀಚರಮ್ಮ ಆಗಿದ್ದೆ. ಇಸ್ತ್ರಿ ಮಾಡಿದ ಕಾಟನ್ ಸೀರೆ, ಕೈಯಲ್ಲಿ ವ್ಯಾನಿಟಿ ಬ್ಯಾಗು, ಮೈಯಲ್ಲಿ ಒಂದಿಷ್ಟು ಕೊಬ್ಬು. ಮಂಡಿನೋವು ಹೆಚ್ಚಾಗಿ ಅವ್ವ ಬಂದಿಳಿದಾಗ ನಾನು ಚಿಂತೆ ಮಾಡಿದ್ದು ಅವಳ ಮಂಡಿಯ ಬಗ್ಗೆ ಅಲ್ಲ, ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಬೀಡಿ ಕಟ್ಟಿನ ಬಗ್ಗೆ.

ಬಿಡು ಎಂದೆ, ಬಿಡಲಿಲ್ಲ. ಬೀಡಿಯ ಘಾಟು ಬೀದಿಗೆಲ್ಲ ಗೊತ್ತಾಗುತ್ತದೆ, ಸಿಗರೇಟಾದರೆ ಅಷ್ಟಿಲ್ಲ ಎಂದು ನಾನೇ ಬುದ್ಧಿ ಓಡಿಸಿ ಗಂಡನ ಕೈಲಿ ಸಿಗರೇಟು ತರಿಸತೊಡಗಿದೆ. ಅವರು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಎಲೆ ಅಡಿಕೆಯನ್ನೂ ಬಾಯಿಗೆ ಹಾಕದ ಮನುಷ್ಯ. ಅಜ್ಜಿಯ ಮಗನಿಗೆ ಕುಡಿತವಿದ್ದದ್ದರಿಂದ ಶುಕ್ರವಾರದ ಪೂಜೆಗೆ ಕಾಯಿ ಒಡೆಯಲು ಅಜ್ಜಿ ನನ್ನ ಗಂಡನನ್ನೇ ಕರೆಯುತ್ತಿದ್ದರು. "ಸುದ್ದವಾದ ಕೈ ಕಣಪ್ಪ ನಿಂದು" ಎನ್ನುತ್ತಿದ್ದರು. ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡ ಅವರಿಗೆ ಆ ಮಾತು ಎಷ್ಟು ಬೇಕಾಗಿತ್ತೆಂದು ನನಗೆ ಗೊತ್ತಿತ್ತು. ಶುಕ್ರವಾರ ಡಿಪೋದಿಂದ ಬಂದವರೇ ಉಗುರಿನ ಸಂದಿಯ ಗ್ರೀಸು ಹೋಗುವ ತನಕ ಸೋಪು ಉಜ್ಜಿ, ಕರೆ ಬರುವುದನ್ನು ಕಾಯುತ್ತ ಕೂರುತ್ತಿದ್ದರು.

ಒಂದು ಶುಕ್ರವಾರ ಕರೆ ಬರಲಿಲ್ಲ. ಅಜ್ಜಿಯೇ ಬಂದು ಬಾಗಿಲಲ್ಲಿ ನಿಂತರು.

"ಏನವ್ವ ಇದು, ದೇವ್ರ್ ಮುಂದೆ ಕೂತ್ರೆ ಸಿಗರೇಟ್ ವಾಸ್ನೆ ಒಡೀತದೆ?"

"ಬ್ಯಾರನ್ ಟೈಮಲ್ವಾ ಅಜ್ಜಿ, ಎಲ್ಲಾ ಕಡೆ ಸೊಪ್ಪಿನ ವಾಸ್ನೆ" ಎಂದೆ. ನಾಲಿಗೆಗೆ ಎಲುಬಿಲ್ಲ ನೋಡಿ.

"ಇದೇ ಊರಲ್ಲಿ ಉಟ್ಟಿ ಬೆಳ್ದೋಳು ಕಣವ್ವ ನಾನು. ಬೇಯೋ ಸೊಪ್ಪು ಯಾವ್ದು, ಸಿಗರೇಟ್ ಯಾವ್ದು ಅಂತ ತಿಳಿಯಾಕಿಲ್ವಾ? ನಿನ್ ಗಂಡ ಅಂಗ್ಡೀಲಿ ತಗಳೋದ್ನ ನಾನೇ ಕಣ್ಣಾರೆ ನೋಡಿವ್ನಿ."

ಒಳಗಿದ್ದ ಗಂಡ ಹೊರಗೆ ಬಂದರು. ನನ್ನ ಮುಖ ನೋಡಿದರು. "ತಪ್ಪಾಯ್ತಜ್ಜಿ, ಇನ್ಮೇಲೆ ಸೇದಲ್ಲ" ಎಂದುಬಿಟ್ಟರು. ನಾನು ಬಾಯಿ ತೆರೆಯಬಹುದಿತ್ತು. ನೆಲ ನೋಡುತ್ತ ನಿಂತೆ. ಗಂಡ ಸೇದುತ್ತಾನೆ ಎನ್ನುವುದು ಊರಿಗೆಲ್ಲ ಇರುವ ಮಾತು, ಟೀಚರಮ್ಮನ ಅವ್ವ ಸೇದುತ್ತಾಳೆ ಎಂದರೆ ನಾಳೆ ನನ್ನ ಸ್ಟಾಫ್ ರೂಮಿನಲ್ಲಿ ಅದೇ ಮಾತು.

"ದಸರಾದೊಳ್ಗೆ ಈ ವಾಸ್ನೆ ಓಗ್ಬೇಕು, ಇಲ್ದಿದ್ರೆ ಬೇರೆ ಮನೆ ನೋಡ್ಕಳಿ" ಎಂದು ಅಜ್ಜಿ ಹೋದರು. ಹಿತ್ತಲಲ್ಲಿ ಬಿಸಿಲು ಕಾಯುತ್ತಿದ್ದ ಅವ್ವನಿಗೆ ಇದೊಂದೂ ಕೇಳಿಸಿರಲಿಲ್ಲ. ವಾಸನೆಯ ದೂರು ಬಂದಿದೆ ಎಂದಷ್ಟೇ ಹೇಳಿದೆ, ಯಾರ ತಲೆಗೆ ಕಟ್ಟಿದೆ ಎಂದು ಹೇಳಲಿಲ್ಲ. ಅವ್ವ ಅವತ್ತೇ ಸಿಗರೇಟು ಬಿಸಾಡಿದಳು. ಚಪಲವಾದಾಗ ಓಮದ ಕಾಳು ಜಗಿಯುತ್ತಿದ್ದಳು.

ಸೇದುವುದು ನಿಂತರೂ ವಾಸನೆ ನಿಲ್ಲಲಿಲ್ಲ. ಸಾಂಬ್ರಾಣಿ ಹಾಕಿದೆ. ದೇವಸ್ಥಾನದೊಳಗೆ ಯಾರೋ ಸಿಗರೇಟು ಹಚ್ಚಿದ ಹಾಗಾಯಿತು. ಪರದೆಗಳನ್ನು ಸೋಡಾ ಹಾಕಿದ ಬಿಸಿನೀರಲ್ಲಿ ನೆನೆಸಿ ಒಗೆದೆ. ಹಾಸಿಗೆಯನ್ನು ಬಿಸಿಲಿಗೆ ಹಾಕಿ ಬಡಿದೆ. ನೆಲವನ್ನು ನಿಂಬೆಸಿಪ್ಪೆ ಕುದಿಸಿದ ನೀರಿನಿಂದ ಒರೆಸಿದೆ. ಅವ್ವ ಮೂಲೆಗಳಲ್ಲಿ ಇದ್ದಿಲಿನ ಮಂಕರಿ ಇಟ್ಟಳು. ಕೊನೆಗೆ, ವಾಸನೆ ಕೂತಿರುವುದು ಗೋಡೆಯಲ್ಲೇ ಎಂದು ಗೊತ್ತಾಯಿತು. ಒದ್ದೆ ಬಟ್ಟೆಯಲ್ಲಿ ಉಜ್ಜಿದರೆ ಬಟ್ಟೆಗೆ ಹಳದಿ ಬಣ್ಣ. ರಜೆಯ ದಿನ ಗಂಡ ಸ್ಟೂಲು ಹತ್ತಿ ಹಳೇ ಸುಣ್ಣವನ್ನೆಲ್ಲ ಕೆರೆದು ಹೊಸ ಸುಣ್ಣ ಹೊಡೆದರು. ಈ ನಡುವೆ ಬಂದ ಶುಕ್ರವಾರಗಳಲ್ಲೂ ಅವರು ಅಭ್ಯಾಸಬಲದಿಂದ ಕೈ ತೊಳೆದುಕೊಂಡು ಕೂತಿದ್ದರು. ಅತ್ತ ಕಾಯಿ ಒಡೆಯುವ ಸದ್ದು ಕೇಳಿದಾಗ ಎದ್ದು ಹಿತ್ತಲಿಗೆ ಹೋಗುತ್ತಿದ್ದರು. ನನಗೆ ಅವರ ಮುಖ ನೋಡಲು ಆಗುತ್ತಿರಲಿಲ್ಲ. ಆದರೂ ಬಾಯಿ ಬಿಡಲಿಲ್ಲ.

ದಸರಾ ಹತ್ತಿರದ ಶುಕ್ರವಾರ ಅಜ್ಜಿ ಕೋಣೆಗೇ ಬಂದು ಗೋಡೆಯ ಹತ್ತಿರ ಮೂಗು ತಂದು ನೋಡಿದರು. ಮುಖ ಅರಳಿತು.

"ಗಟ್ಟಿಗಿತ್ತಿ ಕಣವ್ವ ನೀನು. ಗಂಡನ್ನ ದಾರಿಗೆ ತಂದ್ಬುಟ್ಟೆ."

ನಾನು ನಕ್ಕೆ. ಹೌದು, ತಲೆಯಾಡಿಸಿ ನಕ್ಕೆ. ಗಂಡ ಪಕ್ಕದಲ್ಲೇ ಇದ್ದರು.

ಮೂಲೆಯಲ್ಲಿ ಕೂತು ಮಂಕರಿಗೆ ಇದ್ದಿಲು ತುಂಬುತ್ತಿದ್ದ ಅವ್ವ ತಲೆಯೆತ್ತಿದಳು. ಅಜ್ಜಿಯನ್ನು ನೋಡಿದಳು, ಅಳಿಯನನ್ನು ನೋಡಿದಳು. ನಿಧಾನಕ್ಕೆ ಎಲ್ಲ ಅರ್ಥವಾಯಿತು. ಮಂಡಿ ಹಿಡಿದುಕೊಂಡು ಎದ್ದು ನಿಂತಳು.

"ನನ್ ಅಳಿಯ ಸೇದಾಕಿಲ್ಲ ಕಣಮ್ಮ. ಸೇದ್ತಾ ಇದ್ದೋಳು ನಾನು. ಬ್ಯಾರನ್ ತಾವ ಬೆಂಕಿ ಕಾಯ್ತಾ ಕಲ್ತಿದ್ದು. ಆ ಮಗೀಗೆ ಯಾಕೆ ಕೆಟ್ಟೆಸ್ರು?"

ಅವಳ ದನಿಯಲ್ಲಿ ನಾಚಿಕೆ ಇರಲಿಲ್ಲ. ಅಜ್ಜಿ ನನ್ನತ್ತ ತಿರುಗಿ ಬಹಳ ಹೊತ್ತು ನೋಡಿದರು. ನಾನಿನ್ನೂ ನಗುತ್ತಲೇ ಇದ್ದೆನೇನೋ, ಮುಖದ ಮೇಲಿನ ನಗುವನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

"ಬಾ ಮಗ, ಕಾಯಿ ಒಡ್ಕೊಡು" ಎಂದು ಅಜ್ಜಿ ನನ್ನ ಗಂಡನನ್ನು ಕರೆದರು. "ನೀವೂ ಬನ್ನಿ, ಮಂಗ್ಳಾರತಿ ತಗಳಿ" ಎಂದು ಅವ್ವನನ್ನೂ ಕರೆದರು. ನನ್ನನ್ನು ಕರೆಯಲಿಲ್ಲ.

ಅವ್ವ ಅಳಿಯನ ತೋಳು ಹಿಡಿದು ನಡೆದಳು. ನಾನು ಹೊಸ ಸುಣ್ಣದ ಗೋಡೆಗೆ ಮುಖ ಮಾಡಿ ನಿಂತೆ. ಆಚೆ ಕಾಯಿ ಒಡೆದ ಸದ್ದು ಕೇಳಿಸಿತು.