ಗೋಡೆಯ ಮೇಲಿನ ಕಾರ್ಣಿಕ

ಪುಷ್ಪಲತಾ ಟೀಚರಿಗೆ ಹಟ ಹುಟ್ಟುಗುಣ. ಕುರಿ ಕಾಯುವ ಯರ್ರೆಪ್ಪನ ಮಗಳು, ಓದಿ ತಂಬ್ರಹಳ್ಳಿ ಆಚೆಗಿನ ಒಂದು ಊರಿನ ಪ್ರೌಢಶಾಲೆಯಲ್ಲಿ ವಿಜ್ಞಾನದ ಟೀಚರಾದಳು. ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಮಕ್ಕಳನ್ನು ಕಂಡರೆ ಅವಳಿಗೆ ಮೈ ಉರಿಯುತ್ತಿತ್ತು.

ಈ ಸೀಮೆಗೆ ಮೈಲಾರದ ಕಾರ್ಣಿಕವೆಂದರೆ ವರ್ಷದ ಭವಿಷ್ಯ. ಜಾತ್ರೆಯಲ್ಲಿ ಮೈಲಾರಲಿಂಗನ ಗೊರವಯ್ಯ ಎತ್ತರದ ಬಿಲ್ಲೇರಿ ದೇವರ ಹೆಸರಲ್ಲಿ ನುಡಿಯುವುದು ಒಂದೇ ಮಾತು. ಅರ್ಥ ಹೇಳುವವರು ಮಾತ್ರ ಕಟ್ಟೆಗೊಬ್ಬರು. ಮಳೆ ಬಂದರೂ "ನಾ ಅವತ್ತೇ ಹೇಳಿದ್ದೆ", ಬಾರದಿದ್ದರೂ ಅದೇ ರಾಗ. ಹಿಂದಿನ ವರ್ಷ ಟೀಚರ್ ಒಂಬತ್ತನೇ ತರಗತಿಯವರಿಗೆ ಒಂದು ಕೆಲಸ ಹಚ್ಚಿದಳು: ಹಿರಿಯರು ಹೇಳುವ ಅರ್ಥವನ್ನು ಹೆಸರು ಸಮೇತ ಶಾಲೆಯ ಗೋಡೆಗೆ ಬರೆಯಿರಿ, ಯಾರದು ನಿಜವಾಯಿತೆಂದು ದಸರೆಗೆ ನೋಡೋಣ. "ಕೆರೆ ತುಂಬುವುದಿಲ್ಲ" ಎಂದು ತನ್ನದನ್ನೂ ಬರೆದಳು. ಹಿರಿಯರು ಖುಷಿಯಿಂದಲೇ ಬರೆಸಿದರು. ಗೋಡೆ ಮೇಲೆ ಹೆಸರು ಬರುವುದಾದರೆ ಯಾರಿಗೆ ಬೇಡ!

ಆ ವರ್ಷ ಮುಂಗಾರು ಭರ್ಜರಿಯಾಗಿ ಸುರಿಯಿತು, ಕೆರೆ ಕೋಡಿ ಬಿತ್ತು. "ಮುಂಗಾರು ಹುಸಿ" ಎಂದು ಬರೆಸಿದ್ದ ಪಾಲಾಕ್ಷಪ್ಪ ಶಾಲಾ ಸಮಿತಿಯ ಅಧ್ಯಕ್ಷ ಬೇರೆ. ಸುಣ್ಣದ ಬಕೆಟ್ ಹಿಡಿದ ಆಳಿನೊಂದಿಗೆ ಬಂದೇಬಿಟ್ಟ.

"ದೇವರ ಮಾತಿಗೇ ಪರೀಕ್ಷಿ ಇಡ್ತೀರೇನ್ರಿ? ಅಳಸಸ್ರಿ. ಇಲ್ಲಾಂದ್ರ ವರ್ಗ ಮಾಡಸ್ತೀನಿ!"

ಈ ಮಕ್ಕಳು ಈಗಷ್ಟೇ ಬಾಯಿ ಬಿಟ್ಟು ಕೇಳಲು ಕಲಿತಿದ್ದರು. ಅವರನ್ನು ಬಿಟ್ಟು ಹೋಗುವುದೆಂದರೆ ಟೀಚರಿಗೆ ಕರುಳು ಕಿತ್ತಂತಾಗುತ್ತಿತ್ತು. ಆದರೂ ಬಗ್ಗಲಿಲ್ಲ.

"ಪರೀಕ್ಷಿ ದೇವರ ಮಾತಿಗಲ್ರಿ ಯಜಮಾನ್ರ, ನಾವು ಹಚ್ಚಿದ ಅರ್ಥಕ್ಕ" ಎಂದವಳೇ ಬಣ್ಣ ತೆಗೆದುಕೊಂಡು ತನ್ನ ಸಾಲಿನ ಮುಂದೆ "ತಪ್ಪು" ಎಂದು ದೊಡ್ಡದಾಗಿ ಬರೆದಳು. "ನಂದು ತಪ್ಪಾಗೈತಿ. ಮಕ್ಕಳ ಮುಂದ ಒಪ್ಪಾಕ ನನಗೇನೂ ನಾಚಿಕಿಲ್ಲ."

ಗೋಡೆಯ ಮುಂದೆ ಕೂತಿದ್ದ ಮಕ್ಕಳ ನಡುವಿನಿಂದ ಪಾಲಾಕ್ಷಪ್ಪನ ಮೊಮ್ಮಗಳು ಚಂದನಾ ಎದ್ದು ನಿಂತಳು. "ತಾತ, ನಿಂದೂ ತಪ್ಪಾಗೈತಿ. ಟೀಚರ್ದೂ ಆಗೈತಲ್ಲ, ಬಿಡು. ನೀ ಯಾಕ ಹಂಗ ಅನ್ಕಂಡಿದ್ದಿ, ಅದನ್ನ ಹೇಳು."

"ಸುಮ್ನ ಕುಂದ್ರಲೇ!" ಪಾಲಾಕ್ಷಪ್ಪನ ಮುಖ ಕೆಂಪೇರಿತು. ಟೀಚರ್ ಹೋಗಿ ಗೋಡೆಗೆ ಬೆನ್ನು ಕೊಟ್ಟು ನಿಂತಳು.

"ವರ್ಗ ಮಾಡಸ್ರಿ ಯಜಮಾನ್ರ. ನಾ ಹೋದಲ್ಲೂ ಗೋಡಿ ಇರ್ತಾವ."

ವರ್ಗ ಆಗಿಯೇ ಆಯಿತು, ಹಡಗಲಿ ಕಡೆಗೆ. ಹೋಗುವ ದಿನ ಅವಳು ಅತ್ತಳು, ಸುಳ್ಳೇಕೆ. ಗೋಡೆಗೆ ಮಾತ್ರ ಇವತ್ತಿಗೂ ಸುಣ್ಣ ಬಿದ್ದಿಲ್ಲ. ಬಳಿಯಲು ಬಂದವರನ್ನೆಲ್ಲ ಚಂದನಾ ಯಾಕೆಂದು ಕೇಳುತ್ತಾಳಂತೆ. ಅವರು ಬಕೆಟ್ ಎತ್ತಿಕೊಂಡು ಬಂದ ದಾರಿ ಹಿಡಿಯುತ್ತಾರಂತೆ.