ಮರಿವಿಕ್ ಆಡಿದ ಜಪಾನೀಸ್

ಭಾಗೀರಥಮ್ಮನವರ ಬಾಯಿಗೆ ಫಿಲಿಪೀನೋ ಹೆಸರುಗಳು ಹತ್ತುವುದಿಲ್ಲ. ಸಿಂಗಪುರದ ಬುಕಿತ್ ಬಾಟೋಕ್‌ನಲ್ಲಿರುವ ಮಗಳು ರಜನಿಯ ಮನೆಗೆ ಕೆಲಸಕ್ಕೆ ಬಂದ ಮರಿವಿಕ್‌ಳ ಹೆಸರನ್ನು ಮೊದಲ ದಿನವೇ ಅರ್ಧಕ್ಕೆ ಕತ್ತರಿಸಿ "ಮರಿ" ಎಂದರು. ಮೂವತ್ತು ದಾಟಿದ್ದ ಮರಿವಿಕ್ ಅದನ್ನು ಗೌರವದ ಮಾತು ಎಂದುಕೊಂಡಳು. ನಾಯಿಮರಿ, ಕುರಿಮರಿಗಳೂ ಅದೇ ಬಳಗವೆಂದು ತಿಳಿಯುವ ಹೊತ್ತಿಗೆ ಅವಳಿಗೆ ತಿರುಗಿ ಬೈಯುವಷ್ಟು ಕನ್ನಡ ಬಂದುಬಿಟ್ಟಿತ್ತು.

ಈಗ ಆ ಕನ್ನಡವೇ ಅಡ್ಡ ಬರತೊಡಗಿತ್ತು. ಫಿಲಿಪೀನ್ಸಿನ ಬತಂಗಾಸಿನಲ್ಲಿರುವ ತಾಯಿಯ ಜೊತೆ ಫೋನಿನಲ್ಲಿ ಮಾತಾಡುತ್ತಾ ತನ್ನ ತಾಯ್ನುಡಿ ಟಗಾಲೋಗ್‌ನ ಪದ ಸಿಗದೆ "ಅಯ್ಯೋ, ಅದೇ" ಎಂದಿದ್ದಳು. ತಾಯಿ ಹೆದರಿ, ಜ್ವರವೇನಾದರೂ ಇದೆಯೇ ಎಂದು ಕೇಳಿದ್ದರು.

ಬಾಲ್ಯದಲ್ಲಿ ಅವಳು ಶಾಲೆಯಿಂದ ಓಡಿ ಬರುತ್ತಿದ್ದುದು ಬಾಸ್ಕೆಟ್‌ಬಾಲ್ ಹುಡುಗರ ಕಾರ್ಟೂನಿಗಾಗಿ. ಅದು ಜಪಾನಿನದಾದರೂ ಟಿವಿಯಲ್ಲಿ ಹುಡುಗರೆಲ್ಲ ಟಗಾಲೋಗ್‌ನಲ್ಲೇ ಜಗಳವಾಡುತ್ತಿದ್ದರು. ಕೊನೆಯ ಪಂದ್ಯ ಹತ್ತಿರವಾದಂತೆ ಚಾನೆಲ್ಲಿನವರು ಮತ್ತೆ ಮೊದಲ ಕಂತಿಗೆ ಹೋಗುತ್ತಿದ್ದರು. ಗೆದ್ದವರು ಯಾರೆಂದು ತಿಳಿಯದೆಯೇ ಅವಳ ಓರಗೆಯವರ ಮದುವೆಗಳು ಆಗಿಹೋದವು.

ಸಿಂಗಪುರದಲ್ಲಿ ಆ ಕಾರ್ಟೂನ್ ನೋಡಿ ಬೆಳೆದವರದೊಂದು ಕೂಟವಿದೆ. ಭಾನುವಾರ ಕಲ್ಲಾಂಗ್‌ನಲ್ಲಿ ಅವರದೇ ಕಾರ್ಟೂನ್ ಸಂಭಾಷಣೆ ಹೇಳುವ ಸ್ಪರ್ಧೆ. ಟಗಾಲೋಗ್ ಬಿಟ್ಟು ಬೇರೆ ಮಾತಾಡಿದರೆ ಔಟ್. ಜಪಾನೀಸ್‌ನಲ್ಲಿ ನೋಡುವವರೆಂದರೆ ಅವರಿಗೆ ಕೊಬ್ಬಿದ ಜನ. ಕೂಟದವರ ಪ್ರಕಾರ ಕಾರ್ಟೂನನ್ನು ಕೆಟ್ಟದಾಗಿ ಡಬ್ ಮಾಡಿದವರು ಜಪಾನಿನವರೇ.

"ನೀನು ಸ್ಟೇಜ್ ಹತ್ತಬೇಡ. ನಿನ್ ಟಗಾಲೋಗ್ ಸತ್ತು ಸಾಂಬಾರಾಗಿದೆ," ಎಂದು ಗೆಳತಿ ಅರ್ಲೀನ್ ಎಲ್ಲರೆದುರು ಅಂದಿದ್ದಳು. ಅಂದೇ ಮರಿವಿಕ್ ಹೆಸರು ಕೊಟ್ಟಳು. ನಾಲಿಗೆ ಇನ್ನೂ ತನ್ನದೇ ಎಂದು ಅವಳಿಗೇ ಖಾತ್ರಿಯಾಗಬೇಕಿತ್ತು.

ಅಡುಗೆಮನೆಯಲ್ಲಿ ಅಭ್ಯಾಸ ಶುರುವಾಯಿತು.

"ಯಾರಿಗೆ ಬೈತಿದ್ಯಾ ಮರಿ?" ಭಾಗೀರಥಮ್ಮ ಇಣುಕಿದರು.

"ಎದುರು ಟೀಮಿನ ಹುಡುಗನಿಗೆ ಅಜ್ಜಿ. ಕಾಂಪಿಟಿಷನ್ನು."

"ಇದು ಬೈಯೋದಾ? ಗ್ಯಾಸ್ ಬುಕ್ ಮಾಡ್ದಂಗಿದೆ. ಸೊಂಟದ ಮೇಲೆ ಕೈ ಇಡು. ಹೂಂ, 'ನಿನ್ ಪಿಂಡ' ಅನ್ನು."

"ಅದು ಡೈಲಾಗಲ್ಲಿ ಇಲ್ಲ ಅಜ್ಜಿ."

"ಇಲ್ದಿದ್ರೆ ಬೇಡ. ಬರೀ ದಮ್ ಬರಕ್ಕೆ ಅನ್ನು."

ವಾರವಿಡೀ ಅಂದಳು.

ವೇದಿಕೆಯ ಮೇಲೆ "ನನ್ನನ್ನು ದಾಟಿ ಹೋಗುವವನು ಇನ್ನೂ ಹುಟ್ಟಿಲ್ಲ" ಎಂಬ ಸಾಲು ಟಗಾಲೋಗ್‌ನಲ್ಲಿ ಸೊಗಸಾಗಿಯೇ ಬಂತು. ಮುಂದಿನ ಸಾಲಿಗೆ ಉಸಿರೆಳೆದು ಸೊಂಟಕ್ಕೆ ಕೈ ಇಟ್ಟಳು. ಕೈ ಇಟ್ಟದ್ದೇ ಎಡವಟ್ಟಾಯಿತು.

"ನಿನ್ ಪಿಂಡ!"

ತೀರ್ಪುಗಾರ ವಿಸಿಲ್ ಊದಿದ. "ಜಪಾನೀಸ್. ಔಟ್."

"ನೋಡಿದ್ರಾ? ಕದ್ದು ಒರಿಜಿನಲ್ ನೋಡ್ತಾಳೆ," ಎಂದಳು ಅರ್ಲೀನ್.

ಟಗಾಲೋಗ್ ಸತ್ತಿದೆ ಎಂದಿದ್ದರೆ ಹೇಗೋ ನುಂಗಿಕೊಳ್ಳಬಹುದಿತ್ತು. ಇದು ಮಾನದ ಪ್ರಶ್ನೆ. ಮರಿವಿಕ್ ಮೈಕ್ ಬಿಡಲಿಲ್ಲ. "ಜಪಾನೀಸ್ ಅಲ್ಲ. ನಾನಿರೋ ಮನೆಯ ಅಜ್ಜಿಯ ಬೈಗುಳ."

"ಹಾಗಾದ್ರೆ ಅರ್ಥ ಹೇಳು," ಎಂದ ತೀರ್ಪುಗಾರ.

ಅದು ಒಂದು ಮಾತಿಗೆ ಮುಗಿಯುವ ಸಂಗತಿಯಲ್ಲ. ಸತ್ತವರಿಗೆ ಅನ್ನದುಂಡೆ ಇಡುತ್ತಾರೆ, ನೀನಿನ್ನೂ ಉಸಿರಾಡುತ್ತಿದ್ದೀಯ, ಆದರೂ ನಿನ್ನ ಪಾಲಿನ ಉಂಡೆ ಕಟ್ಟಿಯಾಗಿದೆ, ಕಾಗೆ ಕೂಡ ಮೂಸದೆ ಹಾರಿಹೋಗಿದೆ, ಬಂದು ನೀನೇ ತಿನ್ನು ಎಂದು ಬತಂಗಾಸಿನ ಎಳೆತದ ಟಗಾಲೋಗ್‌ನಲ್ಲಿ ವಿವರಿಸುತ್ತಾ ಹೋದಳು.

"ಅನ್ನಕ್ಕೆ ನೆಂಚಿಕೊಳ್ಳೋಕೆ ಏನು?" ಹಿಂದಿನಿಂದ ಯಾರೋ ಕೇಳಿದರು.

"ಎಳ್ಳು. ನಿನ್ನ ಮೂತಿಗೆ ಅದೇ ಜಾಸ್ತಿ."

ಸಭೆ ಬಿದ್ದು ಬಿದ್ದು ನಕ್ಕಿತು. ಕೆಳಗಿಳಿದು ಕುಳಿತ ಮೇಲೆ ಮರಿವಿಕ್‌ಗೆ ಹೊಳೆಯಿತು: ಒಂದು ಪದಕ್ಕೂ ತಡಕಾಡಿರಲಿಲ್ಲ.

ನಿಯಮ ನಿಯಮವೇ. ಕಪ್ ಅರ್ಲೀನ್‌ಗೆ ಹೋಯಿತು. ಆದರೂ ಮನೆಗೆ ಮರಳುವ ಎಂಆರ್‌ಟಿ ರೈಲಿನಲ್ಲಿ ಅವಳೇ ಪಕ್ಕಕ್ಕೆ ಬಂದು ಕುಳಿತಳು.

"ಆ ಮಾತು ಇನ್ನೊಂದ್ಸಲ ಹೇಳೇ. ನಮ್ ಮೇಡಂಗೆ ಮನಸ್ಸಲ್ಲೇ ಅನ್ನೋಕೆ ಬೇಕು."

"ಮೊದ್ಲು ನಿನ್ ಟಗಾಲೋಗ್ ರಿಪೇರಿ ಮಾಡಿಸ್ಕೋ. ಕಪ್ ಕೊಟ್ಟಾಗ ಥ್ಯಾಂಕ್ಯೂ ಭಾಷಣ ಪೂರ್ತಿ ಇಂಗ್ಲಿಷಲ್ಲಿ ಬಿಟ್ಟೆಯಲ್ಲ. ಕೊನೇಲಿ ಸಿಂಗಪುರದವರ ಥರ 'ಲಾ' ಬೇರೆ."