ಅರ್ಧ ಸಾಲಿನ ಕಳೆ

ನಾನು ಚಿಕ್ಕವಳಿದ್ದಾಗ ನನಗಿಂತ ನನ್ನ ‘ಯಾಕೆ’ಗಳೇ ದೊಡ್ಡವು. ಧನಗೆರೆಯಲ್ಲಿ ನಮ್ಮದು ಕಬ್ಬಿನ ಗದ್ದೆ. ಬಿತ್ತನೆಯ ತುಂಡು ಊರಿದ ಮೇಲೆ ಅಪ್ಪ ಅಕ್ಕನಿಗೊಂದು ಸಾಲು, ನನಗೊಂದು ಸಾಲು ಬಿಟ್ಟುಕೊಡುತ್ತಿದ್ದರು. ಕಳೆ ಕೀಳುವುದು ನಮ್ಮ ಕೆಲಸ. ಕಟಾವಿನ ದಿನ ಆ ಸಾಲಿನ ಕಬ್ಬೂ ನಮ್ಮದೇ. ಆ ವರ್ಷ ಶಾಲೆಯ ಗೆಳತಿಯರಿಗೆಲ್ಲ ಒಂದೊಂದು ಇಡೀ ಜಲ್ಲೆ ಕೊಡುತ್ತೇನೆಂದು ಮಾತು ಕೊಟ್ಟುಬಿಟ್ಟಿದ್ದೆ.

ಕಬ್ಬು ಮೊಳೆತು ಗೇಣುದ್ದವಾಗಿತ್ತು. ಹಿಂದಿನ ದಿನ ನೀರು ಕಟ್ಟಿದ್ದರಿಂದ ಮಣ್ಣು ಕಾಲಿಗೆ ತಣ್ಣಗೆ ಮೆತ್ತುತ್ತಿತ್ತು. ಜೇಕಿನ ಹುಲ್ಲು ಕಿತ್ತರೆ ಬೇರಿನ ತುದಿಯಲ್ಲಿ ಮಣಿಯಂಥ ಕಪ್ಪು ಗಡ್ಡೆ ಬರುತ್ತಿತ್ತು. ಮೂಸಿದರೆ ಘಮ್ಮೆನ್ನುತ್ತಿತ್ತು. ಕಚ್ಚಿ ನೋಡಿದೆ, ಕಹಿ. ಥೂ!

“ಬಾಯಿ ಆಡ್ಸಿದಂಗೆ ಕೈ ಆಡ್ಸೇ” ಎಂದಳು ಅಕ್ಕ.

ಸೊಂಟ ನೋಯತೊಡಗಿತ್ತು. ಅಪ್ಪನನ್ನು ಕೇಳಿದೆ: “ಕಬ್ಬು ಆಳುದ್ದ ಬೆಳಿತದ. ಈ ಪುಟಾಣಿ ಉಲ್ಲು ಅದ್ಕೇನಪ್ಪಾ ಮಾಡದು?”

“ಈಗ ಅದು ಕೂಸು ಕಣವ್ವ. ಮೂರ್ ತಿಂಗ್ಳು ನಾವೇ ಕಾಯ್ಬೇಕು. ಆಮೇಕೆ ಅದೇ ನೆಳ್ಳು ಮಾಡಿ ಕಳೆನ ಅಡಗಿಸ್ತದ.”

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರಲ್ಲ, ನಾನು ಆ ಪೈಕಿ. ಬದುವಿನ ಕಡೆಯ ಅರ್ಧ ಸಾಲನ್ನು ಚೊಕ್ಕ ಮಾಡಿ, ಒಳಗಿನ ಅರ್ಧವನ್ನು ಹಾಗೇ ಬಿಟ್ಟೆ. ಅಪ್ಪ “ಆಯ್ತಾ?” ಎಂದಾಗ “ಆಯ್ತು” ಎಂದುಬಿಟ್ಟೆ. ಮುಂದೆ ಎರಡು ಸಲ ಕಳೆ ತೆಗೆದಾಗಲೂ ಅದೇ ಸುಳ್ಳು.

ಶಾಲೆ ಬಿಟ್ಟೊಡನೆ ಓಡಿ ಹೋಗಿ ನೋಡುತ್ತಿದ್ದೆ. ಚೊಕ್ಕ ಮಾಡಿದ ಕಡೆ ಒಂದೊಂದು ಬುಡದಲ್ಲೂ ಐದಾರು ಮರಿಕಬ್ಬು ಒಡೆದವು. ಒಳಗಿನ ಕಡೆ ಹುಲ್ಲಿನ ನಡುವೆ ಕಬ್ಬನ್ನು ಹುಡುಕಬೇಕಾಗಿತ್ತು. ಹೆದರಿಕೆಯಾಯಿತು. ಒಂದು ಭಾನುವಾರ ಕೈ ಕುಯ್ದುಕೊಂಡರೂ ಬಿಡದೆ ಕಳೆಯನ್ನೆಲ್ಲ ಕಿತ್ತೆ. ಆದರೆ ಹೊತ್ತು ಮೀರಿತ್ತು. ಅಲ್ಲಿ ಮರಿಯೂ ಇಲ್ಲ, ಬೆಳೆದ ಜಲ್ಲೆಯೂ ಹೆಬ್ಬೆರಳಿಗಿಂತ ದಪ್ಪವಾಗಲಿಲ್ಲ.

ಕಟಾವಿನ ದಿನ ಅಕ್ಕನ ರಾಶಿ ಅವಳ ಎದೆಯೆತ್ತರ ಬಂತು. ನನ್ನದು ಗೆಳತಿಯರಲ್ಲಿ ಅರ್ಧ ಜನಕ್ಕಷ್ಟೇ ಸಾಲುವಂತಿತ್ತು. ಜೋರಾಗಿ ಅತ್ತುಬಿಟ್ಟೆ. ಅಳುತ್ತಲೇ ಅಪ್ಪನ ಮುಂದೆ ಎಲ್ಲವನ್ನೂ ಒಪ್ಪಿಕೊಂಡೆ. ಅಪ್ಪ ನಕ್ಕರು.

“ದಿನಾ ನೀರ್ ಕಟ್ಟೋನು ನಾನು, ನಂಗೆ ಕಾಣ್ದೆ ಇದ್ದದಾ? ನೀನೇ ನೋಡ್ಕಳ್ಳಿ ಅಂತ ಬುಟ್ಟಿದ್ದೆ ಕಣವ್ವ.”

ಹಾಗಂತ ಅಪ್ಪ ತಮ್ಮ ಸಾಲುಗಳಿಂದ ಒಂದು ಜಲ್ಲೆಯನ್ನೂ ಕೊಡಲಿಲ್ಲ. ನನ್ನವನ್ನೇ ಮುರಿದು, ತಲೆ ತಗ್ಗಿಸಿಕೊಂಡು, ಗೆಳತಿಯರಿಗೆ ಅರ್ಧರ್ಧ ಹಂಚಿದೆ.

ಮಕ್ಕಳೇ, ಈಗ ಗದ್ದೆಯಲ್ಲಿ ಕಳೆಗೆ ಔಷಧಿ ಹೊಡೆಯುತ್ತಾರೆ, ಬಗ್ಗಿ ಕೀಳುವವರೇ ಕಡಿಮೆ. ನೀವು ಏನು ಕೇಳಿದರೂ ಫೋನು ಚಿಟಿಕೆ ಹೊಡೆಯುವಷ್ಟರಲ್ಲಿ ಹೇಳಿಬಿಡುತ್ತದೆ. ನನ್ನ ಒಂದು ‘ಯಾಕೆ’ಗೆ ಅಪ್ಪ ಅರ್ಧ ಸಾಲು ಕಬ್ಬನ್ನು ಬಿಟ್ಟುಕೊಟ್ಟು, ಒಂದು ವರ್ಷ ಬಾಯಿ ಮುಚ್ಚಿಕೊಂಡಿದ್ದರು.

ಅಂದಹಾಗೆ, ತಾರಸಿಯಲ್ಲಿ ಟೊಮೆಟೊ ಹಾಕಿದ ಎರಡು ಕುಂಡಗಳಲ್ಲಿ ಒಂದರ ಕಳೆ ಕಿತ್ತು, ಇನ್ನೊಂದನ್ನು ಹಾಗೇ ಬಿಟ್ಟು ನೀರಿನ ತೊಟ್ಟಿಯ ಹಿಂದೆ ಬಚ್ಚಿಟ್ಟಿದ್ದೀರಲ್ಲ, ಅದು ನನಗೂ ಕಂಡಿದೆ. ನಾನೇನೂ ಹೇಳುವುದಿಲ್ಲ.